ಬಿದ್ರಿ ಹೂದಾನಿ: ಒಳ್ಳೆ ಕೆಲಸ ಗುರುತಿಸೋದು ಹೇಗೆ? ಫೋಟೋದಲ್ಲಿ ಯಾಕೆ ಗೊತ್ತಾಗಲ್ಲ?

ದಾವಣಗೆರೆ_ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಬ್ಯಾಂಕಿನಲ್ಲಿದ್ದಾಗ ಕೆಲವು ವರ್ಷ ಬೀದರ್‌ನಲ್ಲಿದ್ದರು. ವರ್ಗವಾಗಿ ಬರುವಾಗ ಜೊತೆಯವರೆಲ್ಲ ಸೇರಿ ಒಂದು ಬಿದ್ರಿ ಹೂದಾನಿ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಬೀದರ್‌ನ ಕೈಕೆಲಸ) ಕೊಟ್ಟರಂತೆ. ಒಂದು ಗೇಣಿಗಿಂತ ಸ್ವಲ್ಪ ಎತ್ತರ. ಮೈತುಂಬ ಸಣ್ಣ ಬಳ್ಳಿ, ಕುತ್ತಿಗೆ ಸುತ್ತ ಹೂವಿನ ಪಟ್ಟಿ. ಚಿಕ್ಕವರಿದ್ದಾಗ ಅದನ್ನು ಮುಟ್ಟೋಕೆ ಬಿಡುತ್ತಿರಲಿಲ್ಲ. ಈಗ ನಮ್ಮ ಮನೆಯ ಶೋಕೇಸಿನಲ್ಲಿದೆ.

ಮೊನ್ನೆ ಇಲ್ಲಿ ನಡೆದ ಕರಕುಶಲ ಮೇಳಕ್ಕೆ ಹೋಗಿದ್ದೆ. ಹೆಚ್ಚುಕಮ್ಮಿ ಅದೇ ಆಕಾರದ ಎರಡು ಹೂದಾನಿಗಳು ಬೇರೆ ಬೇರೆ ಮಳಿಗೆಯಲ್ಲಿದ್ದವು. ಒಂದರ ಬೆಲೆ ಇನ್ನೊಂದರ ಅರ್ಧಕ್ಕಿಂತ ಕಡಿಮೆ. ಕೇಳಿದರೆ "ಎರಡೂ ಒಂದೇ ಮೇಡಂ, ನಾವು ಲಾಭ ಕಮ್ಮಿ ಇಟ್ಟುಕೊಳ್ತೀವಿ" ಅಂದರು. ಮೊಬೈಲ್‌ನಲ್ಲಿ ಎರಡರ ಫೋಟೋ ತೆಗೆದುಕೊಂಡು ಬಂದೆ. ಮನೆಯಲ್ಲಿ ಅಪ್ಪನ ಹೂದಾನಿಯ ಫೋಟೋನೂ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಮೂರೂ ಒಂದೇ ಥರ ಕಾಣುತ್ತವೆ! ಅಷ್ಟೇ ಅಲ್ಲ, ಅಪ್ಪನದು ಎಲ್ಲಕ್ಕಿಂತ ಕಳಪೆ ಅನ್ನಿಸುತ್ತದೆ. ಕಪ್ಪು ಬೂದಿ ಬಣ್ಣಕ್ಕೆ ತಿರುಗಿದೆ, ಬೆಳ್ಳಿ ಇರುವ ಕಡೆ ಬರೀ ಬಿಳಿ ತೇಪೆ. ಕಣ್ಣಿಗೆ ಮಾತ್ರ ಹಾಗಿಲ್ಲ. ಕೈಯಲ್ಲಿ ಹಿಡಿದು ನೋಡಿದರೆ ಬಿಡೋಕೆ ಮನಸ್ಸಾಗಲ್ಲ.

ಚಿಕ್ಕಪ್ಪನ ಮಗಳ ಮದುವೆಗೆ ಒಂದು ಬಿದ್ರಿ ಡಬ್ಬಿ ಕೊಡಬೇಕು ಅಂತಿದ್ದೇನೆ. ಒಳ್ಳೆ ಕೆಲಸ ಅಂತ ಹೇಗೆ ಗುರುತಿಸೋದು? ಅಪ್ಪನ ಹೂದಾನಿಯ ಒಂದು ಒಳ್ಳೆ ಫೋಟೋನೂ ಬೇಕು. ದೊಡ್ಡ ಕ್ಯಾಮೆರಾ ಇಲ್ಲ, ಮೊಬೈಲ್ ಮಾತ್ರ. ಬಲ್ಲವರು ದಯವಿಟ್ಟು ತಿಳಿಸಿ.

ಕೋಟೆ_ಓಣಿ

ಮೇಡಂ, ನಾನು ಬೀದರ್‌ನವನು. ಬಿದ್ರಿ ಕೆಲಸದವರ ಮನೆಗಳ ನಡುವೆಯೇ ಬೆಳೆದೆ. ಈಗ ಫೋಟೋ ತೆಗೆಯೋದೇ ನನ್ನ ಕಸುಬು. ಕೈಕೆಲಸದವರ ವಸ್ತುಗಳನ್ನೇ ಜಾಸ್ತಿ ತೆಗೆಯುತ್ತೇನೆ. ನಿಮ್ಮ ಎರಡೂ ಪ್ರಶ್ನೆ ನನ್ನ ಮನಸ್ಸಿಗೆ ಹತ್ತಿರದವು. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಬಿದ್ರಿ ಅಂದರೆ ಎಲ್ಲರ ಕಣ್ಣೂ ಬೆಳ್ಳಿಗೆ ಹೋಗುತ್ತದೆ. ನೀವು ಮೊದಲು ಕಪ್ಪು ನೋಡಿ. ಕೆಲಸದ ಗುಣ ಅಲ್ಲೇ ಗೊತ್ತಾಗುತ್ತದೆ. ಫೋಟೋ ಕೆಡೋದೂ ಅಲ್ಲೇ.

ಆ ಕಪ್ಪು ಹೇಗೆ ಬರುತ್ತದೆ ಅಂತ ಗೊತ್ತಿದ್ದರೆ ಉಳಿದದ್ದು ಸುಲಭ. ಪಾತ್ರೆಯ ಮೈ ಸತುವಿನದು. ಅದಕ್ಕೆ ಸ್ವಲ್ಪ ತಾಮ್ರ ಸೇರಿಸುತ್ತಾರೆ. 16 ಪಾಲು ಸತುವಿಗೆ 1 ಪಾಲು ತಾಮ್ರ ಅನ್ನೋದು ಸಾಮಾನ್ಯವಾಗಿ ಹೇಳುವ ಲೆಕ್ಕ. ಹರಳೆಣ್ಣೆ, ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಹೊರಗೆ ಬಂದಾಗ ಅದು ಒರಟು, ಬೂದು ಬಣ್ಣ, ನೋಡೋಕೆ ಏನೇನೂ ಚೆಂದ ಇರೋದಿಲ್ಲ. ಅರ ಹಾಕಿ ಉಜ್ಜಿ ನಯ ಮಾಡುತ್ತಾರೆ. ಆಮೇಲೆ ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಒರೆಸುತ್ತಾರೆ. ಮೈ ಕಪ್ಪಾಗುತ್ತದೆ. ಇದು ಚಿತ್ರ ಬರೆಯೋಕೆ ಬೇಕಾದ ತಾತ್ಕಾಲಿಕ ಕಪ್ಪು ಮಾತ್ರ. ಅದರ ಮೇಲೆ ಚೂಪು ಮೊನೆಯಿಂದ ಗೀರಿದರೆ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಬಳ್ಳಿ, ಎಲೆ, ಹೂವು ಎಲ್ಲ ನೇರ ಕೈಯಿಂದಲೇ. ಬೇಕಾದ ಕಡೆ ಕೈವಾರ ಇಟ್ಟು ಅಳತೆ ಮಾಡಿಕೊಳ್ಳುತ್ತಾರೆ, ಅಷ್ಟೇ.

ಆ ಗೆರೆಯ ಮೇಲೆ ಉಳಿ ಇಟ್ಟು ಸಣ್ಣ ಸುತ್ತಿಗೆಯಿಂದ ಕೊರೆಯುತ್ತಾರೆ. ಕೊರೆದ ಜಾಗಕ್ಕೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಇದು ತಾರ್‌ಕಶಿ. ಎಲೆ, ಹೂವಿನ ಎಸಳಿನ ಆಕಾರಕ್ಕೆ ಬೆಳ್ಳಿ ತಗಡು ಕತ್ತರಿಸಿ ಕೂರಿಸಿದರೆ ಅದು ತೆಹ್‌ನಿಶಾನ್. ಅಂಟು ಇಲ್ಲ, ಬೆಸುಗೆ ಇಲ್ಲ. ಕೊರೆತದ ಅಂಚೇ ಬೆಳ್ಳಿಯನ್ನು ಹಿಡಿದುಕೊಳ್ಳಬೇಕು.

ಇದೆಲ್ಲ ಆದ ಮೇಲೆ ಪಾತ್ರೆಯನ್ನು ಮತ್ತೆ ಉಜ್ಜಿ ಹೊಳಪು ಬರಿಸುತ್ತಾರೆ. ಮೈಲುತುತ್ತದ ಕಪ್ಪು ಪೂರ್ತಿ ಹೊರಟುಹೋಗುತ್ತದೆ. ಆಗ ನೀವು ನೋಡಬೇಕು. ಸತುವೂ ಬಿಳಿ, ಬೆಳ್ಳಿಯೂ ಬಿಳಿ. ಅಷ್ಟು ದಿನ ಕೂತು ಮಾಡಿದ ಚಿತ್ರ ಹೆಚ್ಚುಕಮ್ಮಿ ಮಾಯ! ಇಲ್ಲಿ ಬರುತ್ತದೆ ನಮ್ಮ ಕೋಟೆಯ ಮಣ್ಣು. ಕೋಟೆಯ ಹಳೇ ಕಟ್ಟಡಗಳೊಳಗೆ, ಎಷ್ಟೋ ವರ್ಷದಿಂದ ಬಿಸಿಲು ಮಳೆ ಕಾಣದ ಜಾಗದ ಮಣ್ಣು ತರುತ್ತಾರೆ. ಸರಿಯಾದ ಮಣ್ಣು ಹೌದೋ ಅಲ್ಲವೋ ಅಂತ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಅದನ್ನು ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ನೀರಿನಲ್ಲಿ ಕಲಸಿ, ಹದವಾಗಿ ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ನೋಡುನೋಡುತ್ತಿದ್ದ ಹಾಗೆ ಸತುವಿನ ಮೈ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗೋದಿಲ್ಲ. ಮೊದಲು ಸೇರಿಸಿದ ಆ ಚೂರು ತಾಮ್ರ ಇಲ್ಲದಿದ್ದರೆ ಇಂಥ ಕಪ್ಪು ಬರೋದೂ ಇಲ್ಲ. ಕೊನೆಗೆ ಎಣ್ಣೆ ಒರೆಸಿದರೆ ಬಣ್ಣ ಗಾಢವಾಗುತ್ತದೆ.

ಅಂದರೆ ಈ ಕಪ್ಪು ಮೇಲೆ ಬಳಿದ ಬಣ್ಣ ಅಲ್ಲ. ಲೋಹದ ಮೈಯೇ ಕಪ್ಪಾಗಿರುತ್ತದೆ. ಅದಕ್ಕೇ ಅದರಲ್ಲಿ ಪೇಂಟಿನ ಥಳುಕು ಇರೋದಿಲ್ಲ. ಅಂಚಿನಲ್ಲಿ, ತಳದಲ್ಲಿ, ಮುಚ್ಚಳ ಕೂರುವ ಜಾಗದಲ್ಲಿ ನೋಡಿ. ಬಣ್ಣ ಬಳಿದದ್ದಾದರೆ ಅಲ್ಲಿ ಸಿಪ್ಪೆಯ ಹಾಗೆ ಎದ್ದಿರುತ್ತದೆ. ಕೈಯಲ್ಲಿ ಎತ್ತಿ ನೋಡಿ. ಸತು ಭಾರ. ಹಗುರ ಅನ್ನಿಸಿದರೆ ಅದು ಅಲ್ಯೂಮಿನಿಯಂ ಇರಬಹುದು, ಬಿಟ್ಟುಬಿಡಿ.

ಇಷ್ಟು ನೋಡಿದರೆ ಅಸಲಿಯೋ ನಕಲಿಯೋ ಅನ್ನೋದು ಗೊತ್ತಾಗುತ್ತದೆ. ಅಸಲಿಯಲ್ಲೇ ಒಳ್ಳೆಯದು, ಸಾಧಾರಣದ್ದು ಅಂತ ಇರುತ್ತದಲ್ಲ, ಅದನ್ನು ತಿಳಿಯೋಕೆ ನಿಮ್ಮ ಅಪ್ಪನ ಹೂದಾನಿಯ ಕುತ್ತಿಗೆಯ ಪಟ್ಟಿಯಿಂದಲೇ ಶುರು ಮಾಡಿ. ಒಂದು ಹೂವಿನ ಮೇಲೆ ಬೆರಳಿಟ್ಟು ಹೂದಾನಿಯನ್ನು ನಿಧಾನವಾಗಿ ತಿರುಗಿಸಿ. ಒಂದು ಸುತ್ತು ಬಂದು ಅದೇ ಹೂವಿಗೆ ಸೇರುವ ಜಾಗ ಸಿಗುತ್ತದಾ? ಗಡಿಬಿಡಿಯ ಕೆಲಸದಲ್ಲಿ ಸಿಕ್ಕೇ ಸಿಗುತ್ತದೆ. ಕೊನೆಯ ಹೂವು ಇಕ್ಕಟ್ಟಾಗಿ ಸಣ್ಣದಾಗಿರುತ್ತದೆ, ಇಲ್ಲವೇ ಉಳಿದ ಸಂದಿಗೆ ಒಂದು ಅನಾಥ ಎಲೆ ತುರುಕಿರುತ್ತಾರೆ. ಪಳಗಿದ ಕೈಯವರು ಉಳಿ ಹಿಡಿಯುವ ಮೊದಲೇ ಪಟ್ಟಿಯನ್ನು ಭಾಗ ಮಾಡಿಕೊಂಡಿರುತ್ತಾರೆ. ಅವರ ಕೆಲಸದಲ್ಲಿ ಶುರು ಎಲ್ಲಿ, ಕೊನೆ ಎಲ್ಲಿ ಅಂತ ಹುಡುಕಿದರೂ ಸಿಗೋದಿಲ್ಲ. ಹಾಗಂತ ಎಲ್ಲ ಹೂವೂ ಪಡಿಯಚ್ಚು ಅಲ್ಲ. ಒಂದರ ಎಸಳು ಚೂರು ವಾಲಿರುತ್ತದೆ, ಇನ್ನೊಂದರದು ನೆಟ್ಟಗಿರುತ್ತದೆ. ನನಗೆ ಅದೇ ಬಹಳ ಇಷ್ಟ.

ಆಮೇಲೆ ಉಗುರು ಸವರಿ ನೋಡಿ. ಮಟ್ಟಸ ಕೆಲಸದಲ್ಲಿ ಕಪ್ಪಿನಿಂದ ಬೆಳ್ಳಿಗೆ, ಬೆಳ್ಳಿಯಿಂದ ಕಪ್ಪಿಗೆ ಹೋಗುವಾಗ ಉಗುರಿಗೆ ಏನೂ ತಗುಲಬಾರದು. ಬೆಳ್ಳಿ ಬೇಕಂತಲೇ ಉಬ್ಬಿರುವ ಜರ್‌ಬುಲಂದ್ ಬೇರೆ, ಅದರ ಮಾತು ಬಿಡಿ. ಎರಡು ತಂತಿ ಸೇರುವ ಮೂಲೆ ನೋಡಿ. ಅಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೆ ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ತಂತಿ ಮುಂದೊಂದು ದಿನ ಏಳೋದು ಅಲ್ಲಿಂದಲೇ.

ಬಳ್ಳಿಗಳ ನಡುವೆ ಬಿಟ್ಟ ಖಾಲಿ ಜಾಗಾನೂ ಗಮನಿಸಿ. ಎಷ್ಟು ಬಿಡಬೇಕು ಅಂತ ಗೊತ್ತಿರೋದೇ ದೊಡ್ಡ ವಿದ್ಯೆ. ಅಫ್ತಾಬಿ ಅಂತ ಒಂದು ಬಗೆ ಇದೆ. ಅದರಲ್ಲಿ ಬೆಳ್ಳಿ ಹಾಸಿನಲ್ಲೇ ಆಕಾರ ಕತ್ತರಿಸಿ ತೆಗೆದಿರುತ್ತಾರೆ. ಸುತ್ತಲೂ ಬೆಳ್ಳಿ, ಹೂವು ಮಾತ್ರ ಕಪ್ಪು. ಅದನ್ನು ಒಮ್ಮೆ ನೋಡಿದರೆ ನಾನು ಕಪ್ಪು ಕಪ್ಪು ಅಂತ ಯಾಕೆ ಹೇಳುತ್ತಿದ್ದೇನೆ ಅಂತ ನಿಮಗೇ ತಿಳಿಯುತ್ತದೆ.

ಈಗ ಫೋಟೋ ವಿಷಯ. ನಿಮ್ಮ ಹೂದಾನಿಗೂ ಮೊಬೈಲಿಗೂ ಏನೂ ಆಗಿಲ್ಲ. ಮೊಬೈಲ್ ಎದುರಿಗೆ ಜಾಸ್ತಿ ಕಪ್ಪು ಬಂದರೆ ಅದು ಬೆಳಕು ಸಾಲದು ಅಂದುಕೊಂಡು ಇಡೀ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ. ಕಪ್ಪು ಬೂದಿಯಾಗೋದು ಹಾಗೆ. ಬೆಳ್ಳಿ ಮೊದಲೇ ಹೊಳೆಯುತ್ತಿತ್ತು, ಇನ್ನಷ್ಟು ಬೆಳಕು ಸೇರಿ ಅದರೊಳಗಿನ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಪರದೆಯ ಮೇಲೆ ಬೆಳ್ಳಿ ಇರುವ ಕಡೆ ಬೆರಳು ಒತ್ತಿ. ಸೂರ್ಯನ ಗುರುತು ಬರುತ್ತದೆ, ಅದನ್ನು ಕೆಳಗೆ ಎಳೆಯಿರಿ. ಕಪ್ಪು ಕಪ್ಪಾಗುವವರೆಗೂ ಎಳೆಯಿರಿ. ಪರದೆಯಲ್ಲಿ ಸ್ವಲ್ಪ ಮಬ್ಬು ಅನ್ನಿಸಿದರೂ ಹೆದರಬೇಡಿ.

ಫ್ಲ್ಯಾಶ್ ಬೇಡವೇ ಬೇಡ. ಬೆಳ್ಳಿ ಅಂದರೆ ಕನ್ನಡಿ. ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಎದುರಿಗೆ ಟ್ಯೂಬ್‌ಲೈಟ್ ಇದ್ದರೆ ಟ್ಯೂಬ್‌ಲೈಟ್, ನೀವು ಕೆಂಪು ಸೀರೆ ಉಟ್ಟಿದ್ದರೆ ಕೆಂಪು. ಆದ್ದರಿಂದ ಬೆಳ್ಳಿಗೆ ನೋಡೋಕೆ ಒಳ್ಳೆಯದೇನಾದರೂ ಕೊಡಿ. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಹೂದಾನಿ ಇಡಿ. ಕಿಟಕಿಗೆ ಬಿಳಿ ಪಂಚೆ ಕಟ್ಟಿ. ಇನ್ನೊಂದು ಬದಿಗೆ ಒಂದು ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿ. ನೀವು ಗಾಢ ಬಣ್ಣದ ಬಟ್ಟೆ ಹಾಕಿಕೊಂಡು ನಾಲ್ಕು ಹೆಜ್ಜೆ ಹಿಂದೆ ನಿಂತು 2ಎಕ್ಸ್ ಜೂಮಿನಲ್ಲಿ ತೆಗೆಯಿರಿ. ತೀರಾ ಹತ್ತಿರ ಹೋದರೆ ಹೂದಾನಿಯ ಹೊಟ್ಟೆ ಇರೋದಕ್ಕಿಂತ ದಪ್ಪಗೆ ಕಾಣುತ್ತದೆ. ಮಾಡಿದವರು ಅಷ್ಟು ಕಷ್ಟಪಟ್ಟು ತಂದ ಆಕಾರ ಕೆಡುತ್ತದೆ.

ಬೀದರ್‌ಗೆ ಬಂದರೆ ಕೋಟೆಯೊಳಗಿನ ರಂಗೀನ್ ಮಹಲ್ ತಪ್ಪದೆ ನೋಡಿ. ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ, ಅಲ್ಲಿನ ಸಿಬ್ಬಂದಿಯನ್ನು ಕೇಳಿ. 16ನೇ ಶತಮಾನದ್ದು, ಆಗ ಬೀದರ್ ಆಳುತ್ತಿದ್ದ ಬರೀದ್ ಶಾಹಿ ಸುಲ್ತಾನರ ಕಾಲದ ಕೆಲಸ. ನುಣುಪಾದ ಕಪ್ಪು ಕಲ್ಲನ್ನು ಕೊರೆದು ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಸತು ಇಲ್ಲ, ಬೆಳ್ಳಿ ಇಲ್ಲ. ಆದರೆ ನೋಟ ಅದೇ. ಆ ಬಾಗಿಲ ಮುಂದೆ ನಿಂತರೆ ನಮ್ಮ ಊರಿನವರ ಕಣ್ಣಿಗೆ ಕಪ್ಪು ಬಿಳುಪಿನ ರುಚಿ ಎಷ್ಟು ಹಳೆಯದು ಅಂತ ಗೊತ್ತಾಗುತ್ತದೆ.

ಬೆಳ್ಳಿ_ಅಂಗಡಿ_ಹುಬ್ಬಳ್ಳಿ

ಕೋಟೆ ಓಣಿ ಅವರು ಬಹಳ ಚಲೋ ಬರೆದಿದ್ದಾರೆ. ನಮ್ಮದು ಬೆಳ್ಳಿ ಕೆಲಸ. ಬೆಳ್ಳಿ ಬಗ್ಗೆ ಮಾತ್ರ ಒಂದೆರಡು ಮಾತು ಸೇರಿಸುತ್ತೇನೆ.

ಕೊರೆದ ಜಾಗದಲ್ಲಿ ಕೂರಬೇಕಾದರೆ ಬೆಳ್ಳಿ ಮೆತ್ತಗಿರಬೇಕು. ಶುದ್ಧ ಬೆಳ್ಳಿ ಬಡಿದ ಹಾಗೆ ಹರಡಿ ಸಂದಿ ತುಂಬಿಕೊಳ್ಳುತ್ತದೆ. ಬೇರೆ ಲೋಹ ಜಾಸ್ತಿ ಬೆರೆಸಿದ್ದರೆ ಅದು ಗಟ್ಟಿ, ಅಷ್ಟು ಸುಲಭಕ್ಕೆ ಬಗ್ಗೋದಿಲ್ಲ ನೋಡ್ರಿ. ಅದಕ್ಕೇ ಮೂಲೆಗಳನ್ನು ನೋಡಿ ಅಂತ ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಇನ್ನೊಂದು ವಿಷಯ. ಹಳೇ ಹೂದಾನಿಯಲ್ಲಿ ಬೆಳ್ಳಿ ಸ್ವಲ್ಪ ಹಳದಿ, ಕಂದು ಆಗಿದ್ದರೆ ಗಾಬರಿ ಬೇಡ. ಬೆಳ್ಳಿಯ ಗುಣವೇ ಅದು. ದೀಪ, ತಟ್ಟೆ ತಿಕ್ಕಿದ ಹಾಗೆ ಹುಣಸೆಹಣ್ಣು, ನಿಂಬೆಹಣ್ಣು ಹಚ್ಚಿ ತಿಕ್ಕಬೇಡಿ. ಹುಳಿ ಸತುವನ್ನು ತಿನ್ನುತ್ತದೆ. ಬೆಳ್ಳಿ ಪಾಲಿಶ್ ಪುಡಿಯೂ ಬೇಡ. ಬೆಳ್ಳಿ ಬೆಳಗುತ್ತದೆ, ಕಪ್ಪು ಹೋಗುತ್ತದೆ. ಹಾಗೆ ತಿಕ್ಕಿ ಹಾಳಾದ ಬಿದ್ರಿ ಡಬ್ಬಿಗಳು ನಮ್ಮ ಅಂಗಡಿಗೆ ಬರುತ್ತಿರುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಮೆತ್ತನೆ ಒಣ ಹತ್ತಿ ಬಟ್ಟೆಯಿಂದ ಒರೆಸಿ. ಸಾಕು. ಕೆಳಗೆ ಬೀಳದ ಹಾಗೆ ಇಡಿ. ಸತು ತಾಮ್ರದ ಹಾಗೆ ನೆಗ್ಗೋದಿಲ್ಲ, ಒಡೆಯುತ್ತದೆ.

ಕಿಟಕಿ_ಪಕ್ಕ

ಕೋಟೆ ಓಣಿ ಸರ್ ಹೇಳಿದ ಒಂದು ಮಾತಿಗೆ ನನ್ನ ಭಿನ್ನಾಭಿಪ್ರಾಯ ಇದೆ. ಕಪ್ಪು ಪೂರ್ತಿ ಕಪ್ಪಾಗುವವರೆಗೂ ಎಳೆಯಿರಿ ಅಂದರೆ ಹೊಸಬರು ತೀರಾ ಎಳೆದುಬಿಡುತ್ತಾರೆ. ಆನ್‌ಲೈನ್ ಅಂಗಡಿಗಳ ಫೋಟೋ ನೋಡಿ, ಪಾತ್ರೆಯ ಮೈ ಎಲ್ಲಿ ಮುಗಿಯಿತು, ಹಿಂದಿನ ಕಪ್ಪು ಬಟ್ಟೆ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗೋದಿಲ್ಲ. ಬರೀ ಬೆಳ್ಳಿ ಬಳ್ಳಿ ಗಾಳಿಯಲ್ಲಿ ತೇಲುತ್ತಿರುತ್ತದೆ. ಆ ಕಪ್ಪಿಗೆ ಒಂದು ಮೈ ಇದೆ. ಅದರಲ್ಲಿ ಅರದ ಸೂಕ್ಷ್ಮ ಗೆರೆ, ಎಣ್ಣೆಯ ಮಂದ ಹೊಳಪು ಇರುತ್ತದೆ. ಅದು ಉಳಿಯಬೇಕು. ಹಿನ್ನೆಲೆಗೆ ಕಪ್ಪು ಬಟ್ಟೆ ಬಿಟ್ಟು ತಿಳಿ ಬೂದು ಬಣ್ಣದ ಕಾಗದ ಇಟ್ಟರೆ ಅಂಚು ಸ್ಪಷ್ಟವಾಗಿ ಬರುತ್ತದೆ.

ಮೇಡಂ, ಇನ್ನೊಂದು ಪ್ರಯೋಗ ಮಾಡಿ ನೋಡಿ. ನೀವು ಕೊಡಬೇಕು ಅಂತಿರುವ ಡಬ್ಬಿಯ ಮುಚ್ಚಳ ಚಪ್ಪಟೆ ಇರುತ್ತದೆ ಅಲ್ವಾ? ಅದನ್ನು ಕಿಟಕಿ ಹತ್ತಿರ ಹಿಡಿದು ನಿಧಾನಕ್ಕೆ ವಾಲಿಸಿ. ಒಂದು ಕೋನದಲ್ಲಿ ಬೆಳ್ಳಿ ಝಗ್ ಅನ್ನುತ್ತದೆ. ಇನ್ನೊಂದು ಕೋನದಲ್ಲಿ ಬೆಳ್ಳಿಯೇ ಕಪ್ಪಗೆ ಕಂಡು, ಸುತ್ತಲಿನ ಮೈ ಅದಕ್ಕಿಂತ ತಿಳಿಯಾಗಿ ಕಾಣುತ್ತದೆ. ಚಿತ್ರ ಪೂರ್ತಿ ತಿರುಗುಮುರುಗು. ಇವೆರಡರ ನಡುವೆ ಒಂದು ಕೋನ ಸಿಗುತ್ತದೆ. ಅಲ್ಲಿ ಬೆಳ್ಳಿಯ ಮೇಲಿನ ಸಣ್ಣ ಗೆರೆಗಳೂ ಕಾಣುತ್ತವೆ, ಕಪ್ಪಿನ ಮೈಯೂ ಕಾಣುತ್ತದೆ. ಅಲ್ಲಿ ನಿಲ್ಲಿಸಿ ಕ್ಲಿಕ್ ಮಾಡಿ.

ಕ್ಯಾಮೆರಾ ಇದ್ದವರಿಗೆ: ಸಿಪಿಎಲ್ ಫಿಲ್ಟರ್ (ಲೆನ್ಸ್ ಮುಂದೆ ಹಾಕುವ ಪೋಲರೈಸಿಂಗ್ ಗಾಜು) ಹಾಕಿದರೆ ಎಣ್ಣೆಯ ಹೊಳಪು ಕಡಿಮೆಯಾಗುತ್ತದೆ. ಬೆಳ್ಳಿಯ ಹೊಳಪಿಗೆ ಅದರಿಂದ ಹೆಚ್ಚು ಉಪಯೋಗ ಇಲ್ಲ, ಅದಕ್ಕೆ ಬಿಳಿ ಹಾಳೆಯೇ ದಾರಿ.

ಕೋಟೆ_ಓಣಿ

ಕಿಟಕಿ ಪಕ್ಕ ಅವರ ಮಾತು ಸರಿ, ಕಪ್ಪು ನುಂಗಿಹೋಗಬಾರದು. ತಿಳಿ ಬೂದು ಹಿನ್ನೆಲೆ ನನಗೂ ಇಷ್ಟ. ಆದರೆ ಮೊಬೈಲಿನಲ್ಲಿ ಆರಂಭಿಸುವವರಿಗೆ ಬೆಳ್ಳಿ ತೀರಾ ಬೆಳ್ಳಗಾಗಿ ಸುಟ್ಟುಹೋಗೋದಕ್ಕಿಂತ ಚೂರು ಜಾಸ್ತಿ ಕತ್ತಲೆಯೇ ಮೇಲು ಅಂತ ಈಗಲೂ ಹೇಳುತ್ತೇನೆ. ಸುಟ್ಟ ಬೆಳ್ಳಿಯ ಗೆರೆಯನ್ನು ಆಮೇಲೆ ಯಾವ ಆ್ಯಪ್‌ನಿಂದಲೂ ವಾಪಸ್ ತರೋಕಾಗಲ್ಲ. ಕತ್ತಲೆಯಲ್ಲಿರೋದನ್ನು ಸ್ವಲ್ಪ ಮಟ್ಟಿಗೆ ಎತ್ತಬಹುದು.

ದಾವಣಗೆರೆ_ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್! ಓದಿದ ತಕ್ಷಣ ಹೂದಾನಿ ಇಳಿಸಿಕೊಂಡು ಕೂತೆ. ಕುತ್ತಿಗೆಯ ಪಟ್ಟಿ ತಿರುಗಿಸಿ ತಿರುಗಿಸಿ ನೋಡಿದೆ. ಸೇರುವ ಜಾಗ ಸಿಗಲೇ ಇಲ್ಲ. ಅಪ್ಪನನ್ನೂ ಕೂರಿಸಿ ಹುಡುಕಿಸಿದೆ, ಅವರಿಗೂ ಸಿಗಲಿಲ್ಲ. ಉಗುರು ಸವರಿದರೆ ಎಲ್ಲೂ ತಗುಲುವುದಿಲ್ಲ. ಇಷ್ಟು ವರ್ಷ ಮನೆಯಲ್ಲೇ ಇದ್ದರೂ ಇದನ್ನು ಯಾರೂ ಹೀಗೆ ನೋಡಿರಲಿಲ್ಲ.

ಫೋಟೋನೂ ಬಹಳ ಸುಧಾರಿಸಿತು. ಪಂಚೆ, ಥರ್ಮಾಕೋಲ್, ಬೂದು ಚಾರ್ಟ್ ಪೇಪರ್ ಎಲ್ಲ ಬಳಸಿದೆ. ಎಲೆಗಳ ಒಳಗೆ ನರದ ಹಾಗೆ ಸಣ್ಣ ಗೆರೆಗಳಿವೆ. ಅವು ಮೊದಲ ಸಲ ಫೋಟೋದಲ್ಲಿ ಕಂಡವು.

ಮೇಳದಲ್ಲಿ ತೆಗೆದ ಆ ಎರಡು ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದೆ. ಕಡಿಮೆ ಬೆಲೆಯದರಲ್ಲಿ ಪಟ್ಟಿಯ ಒಂದು ಕಡೆ ಎರಡು ಹೂವು ಒಂದಕ್ಕೊಂದು ತಾಗಿಕೊಂಡಿವೆ. ಇನ್ನೊಂದರಲ್ಲಿ ಹಾಗೇನೂ ಕಾಣಲಿಲ್ಲ, ಆದರೆ ಹಿಂಬದಿಯ ಫೋಟೋ ನನ್ನ ಹತ್ತಿರ ಇಲ್ಲ.

ಕೊನೆಯದಾಗಿ ಒಂದು ಪ್ರಶ್ನೆ. ಡಬ್ಬಿ ಕೊಳ್ಳೋಕೆ ಬೀದರ್‌ಗೇ ಹೋಗೋದು ಒಳ್ಳೆಯದಾ? ಜಿಐ ಗುರುತು (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಸೂಚಕ) ಇದ್ದರೆ ಸಾಕಾ?

ಕೋಟೆ_ಓಣಿ

ಬಿದ್ರಿಗೆ 2006ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಇದು ಯಾವ ಊರಿನ, ಯಾವ ಬಗೆಯ ಕೆಲಸ ಅಂತ ಆ ಗುರುತು ಹೇಳುತ್ತದೆ. ಕೈ ಎಷ್ಟು ಪಳಗಿದ್ದು ಅಂತ ಅದು ಹೇಳೋದಿಲ್ಲ. ಅದನ್ನು ನೀವೇ ತಿರುಗಿಸಿ, ಸವರಿ ನೋಡಬೇಕು.

ಆಗುವುದಾದರೆ ಖಂಡಿತ ಬನ್ನಿ. ಊರಿನ ನಡುವಿನ ಹಳೇ ಗೋಪುರ ಚೌಬಾರದ ಸುತ್ತಮುತ್ತ ಅಂಗಡಿಗಳಿವೆ, ಕೆಲವು ಕಡೆ ಹಿಂದೆಯೇ ಕೆಲಸ ನಡೆಯುತ್ತಿರುತ್ತದೆ. ಕೇಳಿದರೆ ಸಂತೋಷದಿಂದ ತೋರಿಸುತ್ತಾರೆ. ಉಳಿಯ ಸದ್ದು ಕೇಳಿಸಿದ ಕಡೆ ಒಳಗೆ ಹೋಗಿ. ಒಂದೇ ಡಬ್ಬಿಗೆ ಎರಕದವರು ಒಬ್ಬರು, ಕೊರೆಯುವವರು ಒಬ್ಬರು, ಬೆಳ್ಳಿ ಕೂರಿಸುವವರು ಇನ್ನೊಬ್ಬರು ಇರಬಹುದು. ಕೊಳ್ಳುವಾಗ ಅವರ ಹೆಸರು ಕೇಳಿ ಬರೆದುಕೊಳ್ಳಿ. 2023ರಲ್ಲಿ ನಮ್ಮ ಊರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಇಡೀ ದೇಶಕ್ಕೆ ಒಬ್ಬ ಬಿದ್ರಿ ಕಲಾವಿದರ ಹೆಸರು ಗೊತ್ತಾಯಿತು. ನಮಗೆಲ್ಲ ಹೆಮ್ಮೆಯ ದಿನ ಅದು. ಆದರೆ ಅಂಗಡಿಯಲ್ಲಿ ಸಿಗುವ ಹೆಚ್ಚಿನ ವಸ್ತುಗಳ ಮೇಲೆ ಮಾಡಿದವರ ಹೆಸರು ಇರೋದೇ ಇಲ್ಲ. ಉಡುಗೊರೆಯ ಜೊತೆ ಒಂದು ಚೀಟಿಯಲ್ಲಿ ಆ ಹೆಸರುಗಳನ್ನು ಬರೆದಿಡಿ. ನಿಮ್ಮ ತಂಗಿಗೂ ಗೊತ್ತಿರಲಿ.

ಮೊದಲೇ ಹೇಳಿ ಮಾಡಿಸುವುದಾದರೆ ಮದುವೆಗೆ ಸಾಕಷ್ಟು ಮುಂಚೆ ಹೇಳಿ, ಅವಸರ ಮಾಡಬೇಡಿ. ಎಷ್ಟು ದಿನ ಬೇಕು ಅಂತ ಅವರನ್ನೇ ಕೇಳಿ, ಅದರ ಮೇಲೆ ಇನ್ನೊಂದು ವಾರ ಇಟ್ಟುಕೊಳ್ಳಿ. ಹೂದಾನಿಯ ಹೊಸ ಫೋಟೋ ಇಲ್ಲಿ ಹಾಕಿ ಮೇಡಂ. ಕುತ್ತಿಗೆಯ ಪಟ್ಟಿ ಹತ್ತಿರದಿಂದ ಕಾಣುವಂಥದ್ದೂ ಒಂದು ಇರಲಿ. ಅದನ್ನು ಊರಿನ ಹಿರಿಯ ಕೆಲಸಗಾರರಿಗೆ ತೋರಿಸುತ್ತೇನೆ. ಬಳ್ಳಿ ತಿರುಗಿರುವ ರೀತಿ ನೋಡಿ ಯಾರ ಮನೆಯ ಕೈ ಅಂತ ಅವರು ಗುರುತಿಸಿದರೂ ಗುರುತಿಸಬಹುದು.